ತಪ್ಪಿದ ಕರೆ, ತಲುಪದ ಮಾತು: ವಾಯ್ಸ್‌ಮೇಲ್ ಬದಲಿಗಳ ಒಂದು ವಿಮರ್ಶೆ

ತರಗತಿಯಲ್ಲಿ ಇರುವಷ್ಟು ಹೊತ್ತು ಮೊಬೈಲನ್ನು ಆಫ್ ಮಾಡಿ ಇಡುವುದು ನನ್ನ ರೂಢಿ. ಒಂದು ದಿನ ಕೊನೆಯ ಪಿರಿಯಡ್ ಮುಗಿಸಿ ಸ್ವಲ್ಪ ಹೊತ್ತಿನ ಮೇಲೆ ಆನ್ ಮಾಡಿದಾಗ ಒಂದು ಎಸ್ಸೆಮ್ಮೆಸ್ ಬಂತು: ಗುರುತಿಲ್ಲದ ಒಂದೇ ಸಂಖ್ಯೆಯಿಂದ 5 ಕರೆ. ತಿರುಗಿ ಕರೆ ಮಾಡಿದೆ. ಎತ್ತಿದವರು ಕಿರಾಣಿ ಅಂಗಡಿಯವರು. "ಯಾರೋ ಹೆಂಗಸು ಫೋನ್ ಇಸ್ಕೊಂಡು ಮಾಡಿದ್ರು ಸಾರ್, ಆಗ್ಲೇ ಹೋದ್ರು" ಎಂದರು. ಆಕೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಎಂದು ತಿಳಿದದ್ದು ಮರುದಿನ. ಗಂಡನನ್ನು ಆಸ್ಪತ್ರೆಗೆ ಸೇರಿಸಲು ಹೊರಟಿದ್ದ ಅವರು, ಮಗ ಶಾಲೆಯಿಂದ ನೇರವಾಗಿ ಅಜ್ಜಿಯ ಮನೆಗೆ ಹೋಗಲಿ ಎಂದು ಹೇಳಲು ಯತ್ನಿಸಿದ್ದರು. ಹುಡುಗ ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದ.

ಕರೆ ಬಂದಿತ್ತೆಂಬ ಸುದ್ದಿ ನನಗೆ ತಲುಪಿತು, ಮಾತು ತಲುಪಲಿಲ್ಲ. ವಾಯ್ಸ್‌ಮೇಲ್ ಹಳೆಯದಾಯಿತು, ಅದಕ್ಕಿಂತ ಉತ್ತಮವಾದ ಬದಲಿಗಳು ಬಂದಿವೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಈ ಬದಲಿಗಳು ನಿಜಕ್ಕೂ ಅದರ ಕೆಲಸವನ್ನು ಮಾಡುತ್ತವೆಯೇ? ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಫೋನ್ ಆಫ್ ಆಗಿದ್ದಾಗಲೂ ಅದು ಕೆಲಸ ಮಾಡುತ್ತದೆಯೇ? ಕರೆ ಏಕೆ ಬಂತು ಎಂಬುದನ್ನು ತಿಳಿಸುತ್ತದೆಯೇ? ಬೇರೆಯವರ ಫೋನಿನಿಂದ ಕರೆ ಮಾಡುವ, ಓದುಬರಹ ಬಾರದ ವ್ಯಕ್ತಿಗೂ ಒದಗುತ್ತದೆಯೇ?

ವಾಯ್ಸ್‌ಮೇಲ್ ಸೋತದ್ದೆಲ್ಲಿ?

ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ಗಣಕ ಆಧಾರಿತ ಧ್ವನಿಸಂದೇಶ ವ್ಯವಸ್ಥೆಯೊಂದಕ್ಕೆ 1979ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1983ರಲ್ಲಿ ಪೇಟೆಂಟ್ ದೊರೆಯಿತು. ಮೊಬೈಲ್ ಬಂದ ಮೇಲೆ ಇದೇ ವ್ಯವಸ್ಥೆ ಸೇವಾ ಕಂಪನಿಗಳ ಜಾಲದೊಳಗೆ ಸೇರಿಕೊಂಡಿತು. ಜಿಎಸ್‌ಎಂ ಜಾಲದಲ್ಲಿ ಪ್ರತಿ ಗ್ರಾಹಕರ ವಿವರ ಎಚ್‌ಎಲ್‌ಆರ್ ಎಂಬ ದತ್ತಾಂಶ ಕೋಶದಲ್ಲಿರುತ್ತದೆ. ಕರೆಯನ್ನು ಯಾವಾಗ ಬೇರೆಡೆಗೆ ತಿರುಗಿಸಬೇಕು ಎಂಬ ಸೂಚನೆಯೂ ಅಲ್ಲಿಯೇ ಇರುತ್ತದೆ: ಫೋನ್ ಬಿಡುವಿಲ್ಲದಿದ್ದಾಗ, ನಿಗದಿತ ಅವಧಿಯಲ್ಲಿ (5ರಿಂದ 30 ಸೆಕೆಂಡು) ಯಾರೂ ಎತ್ತದಿದ್ದಾಗ, ಫೋನ್ ಆಫ್ ಆಗಿದ್ದಾಗ ಅಥವಾ ಸಂಪರ್ಕದಿಂದ ಹೊರಗಿದ್ದಾಗ. ಸೂಚನೆ ಇರುವುದು ಜಾಲದಲ್ಲಿ, ಕೈಯಲ್ಲಿರುವ ಉಪಕರಣದಲ್ಲಿ ಅಲ್ಲ. ಆದ್ದರಿಂದಲೇ ಬ್ಯಾಟರಿ ಸತ್ತಿದ್ದರೂ ವಾಯ್ಸ್‌ಮೇಲ್ ಕೆಲಸ ಮಾಡುತ್ತದೆ.

ತೊಂದರೆ ಇದ್ದದ್ದು ಲೆಕ್ಕದಲ್ಲಿ. ವಾಯ್ಸ್‌ಮೇಲ್ ಯಂತ್ರ ಕರೆಯನ್ನು 'ಎತ್ತಿದ' ಕ್ಷಣವೇ ಜಾಲದ ದೃಷ್ಟಿಯಲ್ಲಿ ಅದು ಉತ್ತರಿಸಲ್ಪಟ್ಟ ಕರೆ. ಸಾಮಾನ್ಯವಾಗಿ ಶುಲ್ಕದ ಗಡಿಯಾರ ಅಲ್ಲಿಂದಲೇ ಓಡತೊಡಗುತ್ತದೆ. ಸಂದೇಶವನ್ನು ಕೇಳಲು ಫೋನಿನ ಒಡೆಯರು ಮತ್ತೊಂದು ಕರೆ ಮಾಡಬೇಕು. ಒಂದು ಮಾತಿಗೆ ಎರಡು ಕರೆ! ಆದರೆ ಸಂಗ್ರಹಿಸುವ ಮಾಹಿತಿ ಎಷ್ಟು? ಜಿಎಸ್‌ಎಂನ ಮೂಲ ಧ್ವನಿಸಂಕೇತನ ವಿಧಾನದಲ್ಲಿ ಸೆಕೆಂಡಿಗೆ 13,000 ಬಿಟ್. 20 ಸೆಕೆಂಡಿನ ಸಂದೇಶಕ್ಕೆ 2,60,000 ಬಿಟ್, ಅಂದರೆ 32,500 ಬೈಟ್. ಮೊಬೈಲಿನಲ್ಲಿ ತೆಗೆದ ಸಾಧಾರಣ ಚಿತ್ರವೊಂದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಎಂದರೆ ವಾಯ್ಸ್‌ಮೇಲ್ ದುಬಾರಿಯಾದದ್ದು ತಂತ್ರದ ಕಾರಣಕ್ಕಲ್ಲ, ದರಪಟ್ಟಿಯ ಕಾರಣಕ್ಕೆ.

ಮಿಸ್ಡ್ ಕಾಲ್ ಎಂಬ ಸಂಕೇತ

ಭಾರತದಲ್ಲಿ 2003ರವರೆಗೆ ಮೊಬೈಲಿಗೆ ಬರುವ ಕರೆಗೂ ಹಣ ತೆರಬೇಕಿತ್ತು. ಆ ಬಳಿಕ ಕರೆ ಮಾಡಿದವರಷ್ಟೇ ತೆರುವ ಪದ್ಧತಿ ಬಂತು. ಉತ್ತರಿಸದ ಕರೆಗೆ ಶುಲ್ಕವಿಲ್ಲ. ಜನ ಇದನ್ನು ಬಲ್ಲರು. "ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು" ಎಂಬುದು ಮನೆಮಾತಾಯಿತು. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಜಿಪ್‌ಡಯಲ್ ಕಂಪನಿ ಇದನ್ನೇ ಉದ್ಯಮವಾಗಿಸಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು.

ಆದರೆ ಮಾಹಿತಿ ಸಿದ್ಧಾಂತದ ಕಣ್ಣಿನಿಂದ ನೋಡಿ. ಮೊದಲೇ ಒಪ್ಪಂದವಾಗಿದ್ದರೆ ಮಿಸ್ಡ್ ಕಾಲ್ ಒಂದು ಬಿಟ್ ಮಾಹಿತಿಯನ್ನು ಹೊರುತ್ತದೆ: 'ತಲುಪಿದೆ' ಅಥವಾ 'ಇನ್ನೂ ಇಲ್ಲ'. ಒಪ್ಪಂದವಿಲ್ಲದಿದ್ದರೆ ಉಳಿಯುವುದು ಸಂಖ್ಯೆ ಮತ್ತು ಸಮಯ ಮಾತ್ರ. ಆ ತಾಯಿಯ 5 ಕರೆಗಳು ನನಗೆ ಕೊಟ್ಟದ್ದು ಅಷ್ಟನ್ನೇ. ಅದರಲ್ಲೂ ಸಂಖ್ಯೆ ಅಂಗಡಿಯದು.

ಬದಲಿಗಳ ಪರೀಕ್ಷೆ

ಮೊದಲನೆಯದು, ಸಂದೇಶಗಳನ್ನು ಪಟ್ಟಿಯಾಗಿ ತೋರಿಸುವ ವಿಶುವಲ್ ವಾಯ್ಸ್‌ಮೇಲ್. 2007ರ ಮೊದಲ ಐಫೋನಿನೊಡನೆ ಇದು ಪ್ರಸಿದ್ಧವಾಯಿತು. ಬೇಕಾದ ಸಂದೇಶವನ್ನೇ ಆರಿಸಿ ಕೇಳಬಹುದು. 2009ರಲ್ಲಿ ಬಂದ ಗೂಗಲ್ ವಾಯ್ಸ್ ಸಂದೇಶವನ್ನು ಅಕ್ಷರರೂಪಕ್ಕೂ ಇಳಿಸಿತು. ಕಿವಿ ಕೇಳಿಸದವರಿಗೆ ಇದು ದೊಡ್ಡ ಉಪಕಾರ. ಆದರೆ ಆ ಸೇವೆ ಹೊರಟದ್ದು ಅಮೆರಿಕದ ಬಳಕೆದಾರರಿಗಾಗಿ.

ಎರಡನೆಯದು, ಫೋನೇ ಉತ್ತರಿಸುವ ವಿಧಾನ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ, ಕರೆ ಮಾಡಿದವರನ್ನು ಯಂತ್ರಧ್ವನಿಯೇ ವಿಚಾರಿಸುವ ಸೌಲಭ್ಯ ತಂದಿತು. 2023ರಲ್ಲಿ ಆಪಲ್, ಸಂದೇಶ ಹೇಳುತ್ತಿರುವಾಗಲೇ ಅದನ್ನು ತೆರೆಯ ಮೇಲೆ ಮೂಡಿಸುವ ಲೈವ್ ವಾಯ್ಸ್‌ಮೇಲನ್ನು ಮೊದಲಿಗೆ ಇಂಗ್ಲಿಷಿನಲ್ಲಿ ನೀಡಿತು. ಜಾಣ ಉಪಾಯಗಳೇ. ಆದರೆ ಉತ್ತರಿಸಬೇಕಾದ ಉಪಕರಣವೇ ಆಫ್ ಆಗಿದ್ದರೆ? ಮೊದಲ ಪ್ರಶ್ನೆಯಲ್ಲೇ ಇವು ಸೋಲುತ್ತವೆ.

ಮೂರನೆಯದು, ವಾಟ್ಸಾಪಿನ ಧ್ವನಿಸಂದೇಶ. 2013ರಿಂದ ಇರುವ ಇದು ನಮ್ಮಲ್ಲಿ ನಿಜವಾಗಿ ಗೆದ್ದ ಬದಲಿ. ಓದುಬರಹದ ಹಂಗಿಲ್ಲ, ಫೋನ್ ಆಫ್ ಆಗಿದ್ದರೂ ಸಂದೇಶ ಕಾದು ನಿಂತು ಆಮೇಲೆ ತಲುಪುತ್ತದೆ. ಆದರೆ ಎರಡೂ ಕಡೆ ಅಂತರಜಾಲವೂ ಅದೇ ತಂತ್ರಾಂಶವೂ ಬೇಕು. ಅಂಗಡಿಯ ಕೀಪ್ಯಾಡ್ ಫೋನಿನಲ್ಲಿ, ಆಸ್ಪತ್ರೆಯ ಸ್ಥಿರ ದೂರವಾಣಿಯಲ್ಲಿ ಅದು ಎಲ್ಲಿಂದ ಬರಬೇಕು?

ನಾಲ್ಕನೆಯದು, ಸೇವಾ ಕಂಪನಿ ಕಳುಹಿಸುವ ಮಿಸ್ಡ್ ಕಾಲ್ ಸೂಚನೆ ಮತ್ತು ಎಸ್ಸೆಮ್ಮೆಸ್. ಎಸ್ಸೆಮ್ಮೆಸ್ ಕೇಂದ್ರ ಸಂದೇಶವನ್ನು ಹಿಡಿದಿಟ್ಟು, ಫೋನ್ ಆನ್ ಆದೊಡನೆ ತಲುಪಿಸುತ್ತದೆ. ಆದರೆ ಸೂಚನೆಯಲ್ಲಿ 'ಏಕೆ' ಇಲ್ಲ. ಎಸ್ಸೆಮ್ಮೆಸ್ ಬರೆಯಲು ಅಕ್ಷರ ಬೇಕು. ಒಂದು ಎಸ್ಸೆಮ್ಮೆಸ್ಸಿನ ಗಾತ್ರ 140 ಬೈಟ್. ಇಂಗ್ಲಿಷಿನಲ್ಲಿ 160 ಚಿಹ್ನೆಗಳು ಹಿಡಿಸಿದರೆ ಕನ್ನಡದಲ್ಲಿ ಸಾಮಾನ್ಯವಾಗಿ 70 ಮಾತ್ರ. 'ಕ್ಷಿ' ಎಂಬ ಒಂದೇ ಅಕ್ಷರಕ್ಕೆ ಅದರಲ್ಲಿ 4 ಚಿಹ್ನೆ ಖರ್ಚು.

ತಿರುಗಿಸುವುದರ ಅಪಾಯ

ಜಾಲದಲ್ಲಿ ಸಂಗ್ರಹಿಸುವುದಕ್ಕೂ ಅಪಾಯವಿದೆ. ಬ್ರಿಟನ್ನಿನಲ್ಲಿ ಪತ್ರಕರ್ತರು ಅನ್ಯರ ವಾಯ್ಸ್‌ಮೇಲನ್ನು ಕದ್ದು ಕೇಳಿದ ಹಗರಣದಿಂದ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ 2011ರಲ್ಲಿ ಮುಚ್ಚಿತು. ಗ್ರಾಹಕರು ಕಂಪನಿ ಕೊಟ್ಟ ಗುಪ್ತಸಂಖ್ಯೆಯನ್ನು ಬದಲಿಸದೆ ಇದ್ದದ್ದು ಕಳ್ಳರಿಗೆ ಅನುಕೂಲವಾಗಿತ್ತು. ನಮ್ಮಲ್ಲಿ ವಂಚಕರು *401* ಸಂಕೇತವನ್ನು ಒತ್ತಿಸಿ, ಜನರ ಕರೆಗಳನ್ನು ತಮ್ಮ ಸಂಖ್ಯೆಗೆ ತಿರುಗಿಸಿಕೊಂಡು ಒಟಿಪಿ ಕದಿಯುತ್ತಿದ್ದರು. ಹಾಗಾಗಿ ಯುಎಸ್‌ಎಸ್‌ಡಿ ಮೂಲಕ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕೇಂದ್ರ ದೂರಸಂಪರ್ಕ ಇಲಾಖೆ ಆದೇಶಿಸಿತು. ಅಪರಿಚಿತರು ಹೇಳಿದ ಯಾವ ಸಂಕೇತವನ್ನೂ ಒತ್ತಬಾರದೆಂದು ಮಕ್ಕಳಿಗೆ ಕಲಿಸಬೇಕು.

ಹಾಗಾದರೆ ತೀರ್ಮಾನ?

ಹೊಸ ಬದಲಿಗಳು ಉತ್ತಮವಾಗಿ ದುಡಿಯುವುದು ಅನುಕೂಲವಂತರ ನಡುವೆ: ಫೋನ್ ಆನ್ ಇದೆ, ಎರಡೂ ಕಡೆ ಅಂತರಜಾಲವಿದೆ, ಕರೆ ಮಾಡಿದವರ ಗುರುತಿದೆ. ಇವುಗಳಲ್ಲಿ ಒಂದು ತಪ್ಪಿದರೂ ಅವು ಕೈಕೊಡುತ್ತವೆ. ನನ್ನ ಮೂರು ಪ್ರಶ್ನೆಗಳಿಗೂ ಹೌದು ಎನ್ನಬಲ್ಲದ್ದು, ಜಾಲದೊಳಗೆ ಧ್ವನಿಯನ್ನು ಹಿಡಿದಿಡುವ ಹಳೆಯ ಉಪಾಯವೇ. ಅದನ್ನು ಕೈಬಿಡುವುದಲ್ಲ, ತಿದ್ದಬೇಕು. ಮೊದಲ 20 ಸೆಕೆಂಡಿಗೆ ಕರೆ ಮಾಡಿದವರಿಂದ ಶುಲ್ಕ ಪಡೆಯಬಾರದು. ಧ್ವನಿ ತಾನಾಗಿಯೇ ಫೋನಿಗೆ ಬಂದು ಸೇರಬೇಕು. ಗುಪ್ತಸಂಖ್ಯೆಯನ್ನು ಗ್ರಾಹಕರೇ ಇಟ್ಟುಕೊಳ್ಳುವವರೆಗೆ ಪೆಟ್ಟಿಗೆ ತೆರೆಯಬಾರದು.

ಅಲ್ಲಿಯವರೆಗೆ? ನಾನು ಈಗ ಎಲ್ಲ ಪೋಷಕರಿಗೂ ಶಾಲಾ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಕೊಟ್ಟಿದ್ದೇನೆ. ಅಟೆಂಡರ್ ಕರೆ ಎತ್ತಿ, ಹೆಸರು, ಸಮಯ, ವಿಷಯವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಿರಿಯಡ್ ಮುಗಿಯುವ ಮೊದಲೇ ತರಗತಿಗೆ ಕಳುಹಿಸುತ್ತಾರೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಮನೆಯ ಫೋನನ್ನು ಒಂದು ಗಂಟೆ ಆಫ್ ಮಾಡಿಸಿ, ಗೆಳೆಯರಿಗೆ ಬೇರೆ ಬೇರೆ ಫೋನುಗಳಿಂದ ಒಂದು ಸುದ್ದಿ ತಿಳಿಸಲು ಹೇಳಿ. ಆನ್ ಮಾಡಿದ ಮೇಲೆ ಯಾರು, ಯಾವಾಗ, ಏಕೆ ಎಂಬ ಮೂರರಲ್ಲಿ ಎಷ್ಟು ತಲುಪಿದೆ ಎಂದು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಖಾಲಿ ಉಳಿದ ಅಂಕಣ ಯಾವುದು ಎಂಬುದನ್ನು ತರಗತಿಯಲ್ಲಿ ಚರ್ಚಿಸಿ.