ಇಪ್ಪತ್ತು ಸೆಕೆಂಡಿನ ಕೈಚಳಕ

ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಮಿತ್ಸುಬಿಷಿ ಎಫ್‌ಎಕ್ಸ್3ಯು ಪಿಎಲ್‌ಸಿಯ ಬ್ಯಾಟರಿ ಬದಲಿಸುವುದು ಕೈಚಳಕದ ಕೆಲಸ ಎಂಬ ಖ್ಯಾತಿ ಕಾರ್ಖಾನೆಗಳಲ್ಲಿ ಬೇರೂರಿದೆ. ಪವರ್ ಆಫ್ ಮಾಡಿ, ಮುಚ್ಚಳ ತೆಗೆದು, ಹಳೆಯ ಬ್ಯಾಟರಿಯ ಕನೆಕ್ಟರ್ ಕಿತ್ತ 20 ಸೆಕೆಂಡಿನೊಳಗೆ ಹೊಸದನ್ನು ಸಿಕ್ಕಿಸಬೇಕು ಎನ್ನುತ್ತದೆ ಕೈಪಿಡಿ. ಉಳಿದೆಲ್ಲ ಮರೆತವರಿಗೂ ಈ 20 ಸೆಕೆಂಡು ಮಾತ್ರ ಬಾಯಿಪಾಠ. ಕೈ ನಡುಗದ ಹಳಬನೊಬ್ಬನನ್ನು ಕರೆತಂದು, ಪಕ್ಕದಲ್ಲಿ ಮೊಬೈಲ್ ಹಿಡಿದು ಸೆಕೆಂಡು ಎಣಿಸುವುದೂ ಉಂಟು. ಈ ಖ್ಯಾತಿ ಪೊಳ್ಳು. ಎರಡು ತಂತಿಯ ಪುಟ್ಟ ಕನೆಕ್ಟರನ್ನು ಬಿಚ್ಚಿ ಹಾಕುವುದು ಏಳೆಂಟು ಸೆಕೆಂಡಿನ ಮಾತು. ನೆನಪು ಅಳಿಸಿಹೋಗುವ ದಾರಿ ತೆರೆದುಕೊಳ್ಳುವುದು ಅದಕ್ಕೂ ಎಷ್ಟೋ ಮೊದಲು, ಲ್ಯಾಡರ್ ಪ್ರೋಗ್ರಾಂ ಬರೆದ ದಿನವೇ.

ಪ್ರೋಗ್ರಾಂ ಕೂತಿರುವುದು ರ್‍ಯಾಮ್‌ನಲ್ಲಿ. ಪವರ್ ಹೋದಾಗ ಅದನ್ನು ಕಾಯುವುದು ಬ್ಯಾಟರಿ. ಯಂತ್ರಕ್ಕೆ ಪವರ್ ಇರುವಷ್ಟು ಹೊತ್ತು ಬ್ಯಾಟರಿ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಯುಧಪೂಜೆಗೆ ಮೈನ್ ಸ್ವಿಚ್ ಇಳಿಸಿ, ಪ್ಯಾನೆಲ್‌ಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಎಲ್ಲರೂ ಮನೆಗೆ ಹೋಗಿ ಮರಳಿದ ಬೆಳಿಗ್ಗೆ. ಇನ್ನು ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಆಯುಷ್ಯದ ಬಹುಪಾಲು ವೋಲ್ಟೇಜು ಒಂದೇ ಮಟ್ಟದಲ್ಲಿ ನಿಂತಿದ್ದು, ಕೊನೆಗಾಲದಲ್ಲಿ ಥಟ್ಟನೆ ಕುಸಿಯುತ್ತದೆ. ವರ್ಷಕ್ಕೊಮ್ಮೆ ಮೀಟರ್ ಹಚ್ಚಿ ‘ಸರಿಯಿದೆ’ ಎಂದು ರಿಜಿಸ್ಟರಿನಲ್ಲಿ ಬರೆಯುವ ಪದ್ಧತಿ ಹೀಗಾಗಿ ಏನನ್ನೂ ಹೇಳುವುದಿಲ್ಲ.

ನಿಜವಾಗಿ ಓದಬೇಕಾದದ್ದು ಪ್ರೋಗ್ರಾಂನ ಒಂದೇ ಒಂದು ಸಾಲನ್ನು. ಎಫ್‌ಎಕ್ಸ್3ಯು ಬ್ಯಾಟರಿಯ ವೋಲ್ಟೇಜನ್ನು ಡಿ8005 ಎಂಬ ಮೆಮೊರಿ ರಿಜಿಸ್ಟರ್‌ನಲ್ಲಿ 0.1 ವೋಲ್ಟ್ ಲೆಕ್ಕದಲ್ಲಿ ಇಟ್ಟಿರುತ್ತದೆ. 30 ಎಂದರೆ 3 ವೋಲ್ಟ್. ಡಿ8006ರಲ್ಲಿರುವುದು ಎಚ್ಚರಿಕೆಯ ಗೆರೆ, ಕಂಪನಿ ಇಟ್ಟು ಕಳಿಸಿದಂತೆ 2.7 ವೋಲ್ಟ್. ಗೆರೆಗಿಂತ ಕೆಳಗಿಳಿದರೆ ಎಂ8005 ಎಂಬ ರಿಲೇ ಆನ್ ಆಗುತ್ತದೆ, ಮುಂಭಾಗದ ಬ್ಯಾಟ್ ದೀಪ ಕೆಂಪಗೆ ಹತ್ತುತ್ತದೆ. ಅಲ್ಲಿಂದ ಮುಂದೆ ಸುಮಾರು ಒಂದು ತಿಂಗಳ ಅವಕಾಶ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯ ಮಧ್ಯೆ ಎಂ8030 ಎಂಬ ವಿಶೇಷ ರಿಲೇಯೂ ಒಂದಿದೆ. ಅದು ಆನ್ ಆದರೆ ವೋಲ್ಟೇಜು ಎಷ್ಟೇ ಇಳಿಯಲಿ, ದೀಪ ಹತ್ತುವುದಿಲ್ಲ. ಎಡಗಡೆ ಯಂತ್ರ ಓಡುತ್ತಿರುವಷ್ಟು ಹೊತ್ತೂ ಆನ್ ಇರುವ ಎಂ8000, ಬಲಗಡೆ ಎಂ8030: ಈ ಸಾಲು ಬರೆಯಲು ಅರ್ಧ ನಿಮಿಷ ಸಾಕು. ಗಿರಾಕಿಗೆ ಕೆಂಪು ದೀಪ ಕಾಣಬಾರದೆಂಬ ಅವಸರದಲ್ಲಿ ಬರೆದವನು ಅದನ್ನು ಅಳಿಸಲು ಮರೆಯುತ್ತಾನೆ. ಆಮೇಲೆ ಐದು ವರ್ಷ ಆ ದೀಪ ಆರಿಯೇ ಇರುತ್ತದೆ, ನೋಡಿದವರು ಬ್ಯಾಟರಿ ಗಟ್ಟಿಯಾಗಿದೆ ಎಂದುಕೊಳ್ಳುತ್ತಾರೆ.

ಈ ಸಾಲಿಗೆ ಸಮರ್ಥನೆ ಇಲ್ಲವೆಂದಲ್ಲ. ಫ್ಲ್ಯಾಷ್ ಮೆಮೊರಿ ಕ್ಯಾಸೆಟ್ ಹಾಕಿದ ಪಿಎಲ್‌ಸಿಯಲ್ಲಿ ಪ್ರೋಗ್ರಾಂಗೆ ಬ್ಯಾಟರಿಯೇ ಬೇಡ. ಆದರೆ ಕ್ಯಾಸೆಟ್ ಕಾಯುವುದು ಪ್ರೋಗ್ರಾಮನ್ನು ಮಾತ್ರ. ಡಿ512ರಿಂದ ಡಿ7999ರವರೆಗಿನ ಲ್ಯಾಚ್ ಆದ, ಅಂದರೆ ಪವರ್ ಹೋದರೂ ಅಂಕಿ ಉಳಿಸಿಕೊಳ್ಳುವ, ರಿಜಿಸ್ಟರ್‌ಗಳೂ ಗಡಿಯಾರವೂ ಆಗಲೂ ಬ್ಯಾಟರಿಯನ್ನೇ ನಂಬಿಕೊಂಡಿರುತ್ತವೆ. ಎಂ8030 ದೀಪವನ್ನು ಆರಿಸುತ್ತದೆಯೇ ಹೊರತು ಎಂ8005ರ ಬಾಯಿ ಕಟ್ಟುವುದಿಲ್ಲ ಎಂಬುದೊಂದೇ ಸಮಾಧಾನ. ಎಂ8005ರಿಂದ ಪ್ಯಾನೆಲ್ ಬಾಗಿಲಿನ ದೀಪಕ್ಕೋ ಟಚ್ ಸ್ಕ್ರೀನಿಗೋ ಒಂದು ಸಾಲು ಎಳೆದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಇಷ್ಟನ್ನು ಬಿಟ್ಟು ಅನುಭವಿಗಳು ಜಗಳಕ್ಕಿಳಿಯುವುದು ಪವರ್ ಆನ್ ಇಟ್ಟು ಬದಲಿಸಬೇಕೋ ಆಫ್ ಮಾಡಿಯೋ ಎಂಬ ವಿಷಯಕ್ಕೆ. ‘ಆನ್’ ಪಂಥದವರು ಬಹುತೇಕ ಸೀಮೆನ್ಸ್ ಎಸ್5-115ಯು ಮೇಲೆ ಕೈ ಪಳಗಿಸಿಕೊಂಡವರು. ಅಲ್ಲಿ ಪವರ್ ಆಫ್ ಮಾಡಿ ಬ್ಯಾಟರಿ ಕಿತ್ತರೆ ಪ್ರೋಗ್ರಾಂ ಹೋಯಿತೆಂದೇ ಲೆಕ್ಕ. ಅಲೆನ್-ಬ್ರಾಡ್ಲಿ ಎಸ್‌ಎಲ್‌ಸಿ 5/03ರವರಿಗೆ ಈ ಜಗಳ ನಗೆಪಾಟಲು, ಏಕೆಂದರೆ ಅದರ ಕೆಪ್ಯಾಸಿಟರ್ 30 ನಿಮಿಷ ನೆನಪು ಹಿಡಿದಿಡುತ್ತದೆ. ಆಮ್ರಾನ್ ಸಿಜೆ1 ಕೊಡುವುದು 5 ನಿಮಿಷ, ಅದೂ ಮೊದಲು ಕನಿಷ್ಠ 5 ನಿಮಿಷ ಪವರ್ ಕೊಟ್ಟಿದ್ದರೆ. ತಾನು ಕಲಿತ ಒಂದು ಕೈಪಿಡಿಯನ್ನೇ ವೇದ ಮಾಡಿಕೊಂಡು ಮಿಕ್ಕ ಕಂಪನಿಗಳ ಪ್ಯಾನೆಲ್‌ಗೂ ಅದೇ ಮಂತ್ರ ಹೇಳುವವನು ಯಾವ ಪಂಥದವನಾದರೂ ಅಪಾಯಕಾರಿಯೇ. ಎಫ್‌ಎಕ್ಸ್3ಯುನಲ್ಲಿ ಪವರ್ ಆನ್ ಇಟ್ಟು ಬದಲಿಸಿ ‘ಏನೂ ಆಗಲಿಲ್ಲ ನೋಡಿ’ ಎನ್ನುವವರು, 230 ವೋಲ್ಟಿನ ಟರ್ಮಿನಲ್ ಪಕ್ಕದಲ್ಲೇ ಕೈಯಾಡಿಸಿದ್ದನ್ನು ಮಾತ್ರ ಹೇಳುವುದಿಲ್ಲ.

ಎರಡೂ ಪಂಥ ಮರೆತದ್ದು ಪ್ರತಿಯನ್ನು. ಕೆಲಸಕ್ಕೆ ಮುಂಚೆ ಪಿಎಲ್‌ಸಿಯಿಂದ ಓದಿಕೊಂಡ ಪ್ರತಿ ಲ್ಯಾಪ್‌ಟಾಪಿನಲ್ಲಿದ್ದರೆ 20 ಸೆಕೆಂಡು ದಾಟಿದರೂ ಪ್ರಾಣವೇನೂ ಹೋಗದು. ಯಂತ್ರ ಬಂದ ವರ್ಷ ಸಿಡಿಯಲ್ಲಿ ಕೊಟ್ಟ ಫೈಲ್ ಪ್ರತಿಯಲ್ಲ, ಅದು ಯಂತ್ರದ ಬಾಲ್ಯದ ಫೋಟೊ. ಪ್ರತಿ ತೆಗೆಯುವವರೂ ಜಿಎಕ್ಸ್ ವರ್ಕ್ಸ್2ರಲ್ಲಿ ಪ್ರೋಗ್ರಾಂ, ಪ್ಯಾರಾಮೀಟರ್‌ಗೆ ಟಿಕ್ ಹಾಕಿ ಡಿವೈಸ್ ಮೆಮೊರಿಯನ್ನು, ಅಂದರೆ ಆ ರಿಜಿಸ್ಟರ್‌ಗಳ ಅಂಕಿಗಳನ್ನು, ಬಿಟ್ಟುಬಿಡುತ್ತಾರೆ. ಕಡ್ಲೆಪುರಿ ಪ್ಯಾಕ್ ಮಾಡುವ ಯಂತ್ರವನ್ನೇ ತೆಗೆದುಕೊಳ್ಳಬಹುದು. ಪ್ರೋಗ್ರಾಂ ಮತ್ತೆ ತುಂಬಿದರೆ ಅದು ಆನ್ ಆಗುತ್ತದೆ, ದೀಪಗಳೆಲ್ಲ ಸರಿಯಾಗಿರುತ್ತವೆ. ಆದರೆ ಚೀಲದ ಉದ್ದ ಸೊನ್ನೆ, ಸೀಲಿಂಗ್ ಸಮಯ ಸೊನ್ನೆ. ಆಪರೇಟರ್ ವರ್ಷಗಟ್ಟಲೆ ಒಂದೊಂದೇ ಅಂಕಿ ತಿದ್ದಿ ಹದಕ್ಕೆ ತಂದದ್ದು ಯಾವ ಕಾಗದದಲ್ಲೂ ಇರುವುದಿಲ್ಲ. ಯಂತ್ರ ಮಾರಿದವರು ಪಾಸ್‌ವರ್ಡ್ ಹಾಕಿ ಓದಲು ಬೀಗ ಜಡಿದಿದ್ದರೆ ಪ್ರತಿ ಸಿಗುವುದಿಲ್ಲ. ಅಲ್ಲಿ ಮಾತ್ರ ಆ 20 ಸೆಕೆಂಡಿಗೆ ಅದರ ಖ್ಯಾತಿಗೆ ತಕ್ಕ ಬೆಲೆಯಿದೆ, ಬ್ಯಾಟರಿ ಬದಲಿಸುವ ಕೆಲಸ ಜೂಜಾಗುತ್ತದೆ.

ಕಿತ್ತ ಬ್ಯಾಟರಿಯನ್ನು ಚಾರ್ಜ್ ಮಾಡಲೂಬಾರದು, ಸುಡಲೂಬಾರದು. ಸಾಮಾನ್ಯವಾಗಿ ಅದು ಹೊಸದಿರುವ ಡ್ರಾಯರ್‌ಗೇ ಹೋಗಿ ಬೀಳುತ್ತದೆ. ಲೋಡ್ ಇಲ್ಲದೆ ಮೀಟರ್ ಹಚ್ಚಿದರೆ ಅದೂ 3 ವೋಲ್ಟಿನ ಆಸುಪಾಸಿನಲ್ಲೇ ತೋರಿಸಬಹುದು; ಕನೆಕ್ಟರ್ ತುದಿಗೆ ಟೇಪ್ ಸುತ್ತಿ ಮೇಲೆ ದಿನಾಂಕ ಬರೆದಿರದಿದ್ದರೆ ಮುಂದಿನ ಸಲ ಡ್ರಾಯರ್ ತೆರೆದವನು ಅದನ್ನೇ ಹೊಸದೆಂದು ತೆಗೆದು, 20 ಸೆಕೆಂಡಿನೊಳಗೆ, ಒಂದು ತಪ್ಪೂ ಮಾಡದೆ ಸಿಕ್ಕಿಸುತ್ತಾನೆ.