‘ವಾಯುಭಾರ ಕುಸಿತ’ ಎಂಬ ಅರ್ಧ ಉತ್ತರ

ತಿಪಟೂರಿನಲ್ಲಿ ಕೆರೆ ಕೋಡಿ ಬಿದ್ದರೂ, ತುರುವೇಕೆರೆಯಲ್ಲಿ ತೆಂಗಿನ ತೋಟಕ್ಕೆ ನೀರು ನುಗ್ಗಿದರೂ, ಚಿಕ್ಕನಾಯಕನಹಳ್ಳಿಯಲ್ಲಿ ಕಟಾವಿಗೆ ಬಂದ ರಾಗಿ ನೆಲಕಚ್ಚಿದರೂ ಸುದ್ದಿಗಳು ನೀಡುವ ಕಾರಣ ಸಾಮಾನ್ಯವಾಗಿ ಒಂದೇ: ‘ವಾಯುಭಾರ ಕುಸಿತ’. ಇದು ಸುಳ್ಳಲ್ಲ, ಆದರೆ ಪೂರ್ಣ ಉತ್ತರವೂ ಅಲ್ಲ.

ಹೀಗೆ ಯೋಚಿಸಿ. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹಾಗಾಗಿ ಅಲ್ಲಿನ ವಾಯುಭಾರ ಕಡಲತೀರದಲ್ಲಿರುವುದಕ್ಕಿಂತ ಸುಮಾರು 90 ಹೆಕ್ಟೊಪ್ಯಾಸ್ಕಲ್‌ನಷ್ಟು ಸದಾ ಕಡಿಮೆ. ಬಂಗಾಳಕೊಲ್ಲಿಯ ಕುಸಿತದಲ್ಲಾದರೋ ಸುತ್ತಲಿಗಿಂತ ಕೆಲವೇ ಹೆಕ್ಟೊಪ್ಯಾಸ್ಕಲ್‌ಗಳ ವ್ಯತ್ಯಾಸ. ವಾಯುಭಾರ ಕಡಿಮೆ ಇದ್ದ ಮಾತ್ರಕ್ಕೆ ಮಳೆಯಾಗುವುದಾದರೆ ತಿಪಟೂರಿನಲ್ಲಿ ವರ್ಷವಿಡೀ ಮಳೆ ಸುರಿಯಬೇಕಿತ್ತು! ಮುಖ್ಯವಾದದ್ದು ಒಂದೇ ಮಟ್ಟದಲ್ಲಿರುವ ಸ್ಥಳಗಳ ನಡುವಣ ವ್ಯತ್ಯಾಸ. ಅದರಿಂದ ಕಡಲಿನ ತೇವಭರಿತ ಗಾಳಿ ಸುತ್ತುತ್ತ ಒಳನುಗ್ಗಿ, ಮೇಲೇರಿ ತಣಿಯುತ್ತದೆ. ಆವಿ ಹನಿಯಾಗುವಾಗ ಹೊರಬೀಳುವ ಗುಪ್ತೋಷ್ಣವು ಗಾಳಿಯನ್ನು ಮತ್ತಷ್ಟು ಮೇಲಕ್ಕೆತ್ತುತ್ತದೆ.

ಈ ಸೀಮೆಯ ಜೋರು ಮಳೆಗಳೆಲ್ಲ ಒಂದೇ ಜಾತಿಯವಲ್ಲ. ಭರಣಿ ಮಳೆಯ ಕಾಲದಲ್ಲಿ ಕಾದ ನೆಲದಿಂದೆದ್ದ ಗುಡುಗು ಮೋಡ ಒಂದೆರಡು ತಾಸು ಸುರಿದು ಹೋಗುತ್ತದೆ. ಒಂದೂರು ತೊಯ್ದರೆ ಪಕ್ಕದೂರು ಒಣಗಿರಬಹುದು. ಹಿಂಗಾರಿನಲ್ಲಿ ಕೊಲ್ಲಿಯಿಂದ ಬರುವ ಮಳೆ ದಿನಗಟ್ಟಲೆ ಹಿಡಿದು ಜಿಲ್ಲೆಗಳನ್ನೇ ಆವರಿಸುತ್ತದೆ. 2021ರ ನವೆಂಬರ್ 11 ಮತ್ತು 19ರಂದು ಎರಡು ವಾಯುಭಾರ ಕುಸಿತಗಳು ಒಂದರ ಹಿಂದೊಂದು ತಮಿಳುನಾಡಿನ ಕರಾವಳಿ ದಾಟಿದಾಗ ದಕ್ಷಿಣ ಒಳನಾಡು ಅನುಭವಿಸಿದ್ದು ಇದನ್ನೇ. ಮೊದಲ ಮಳೆಗೆ ನೆಲ ತುಂಬಿದ್ದರಿಂದ ಎರಡನೆಯದರ ನೀರಿಗೆ ಇಂಗಲು ಜಾಗವಿರಲಿಲ್ಲ.

ವರದಿಗಳ ಇನ್ನೊಂದು ಕೊರತೆ ಅಂಕಿಗಳದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ‘ಭಾರಿ ಮಳೆ’. 100 ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಅದು ಇಡೀ ದಿನ ಸುರಿದರೆ ಬಹುಪಾಲನ್ನು ತೋಟದ ಮಣ್ಣು ಹೀರೀತು; ಎರಡೇ ಗಂಟೆಯಲ್ಲಿ ಸುರಿದರೆ ಹಳ್ಳ ಉಕ್ಕಿ, ಕೆರೆ ಏರಿಯ ಮೇಲೆ ಭಾರ ಬೀಳುತ್ತದೆ. ಬೆಳಿಗ್ಗೆ 8.30ಕ್ಕೆ ಅಳೆದ ಒಟ್ಟು ಮೊತ್ತವಾಗಲಿ, ಜಿಲ್ಲಾ ಸರಾಸರಿಯಾಗಲಿ ಈ ಭೇದವನ್ನು ತೋರಿಸುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಮಾಹಿತಿ ಇದ್ದೂ ಸುದ್ದಿಯಲ್ಲಿ ಅದಕ್ಕೆ ಸಿಗುವ ಜಾಗ ಅತ್ಯಲ್ಪ.

ಆದ್ದರಿಂದ ಮುಂದಿನ ಸಲ ‘ವಾಯುಭಾರ ಕುಸಿತ’ ಎಂದು ಓದಿದಾಗ ಮೂರು ಪ್ರಶ್ನೆ ಕೇಳಿ: ಅದು ಎಲ್ಲಿದೆ? ಯಾವ ಕಡೆ ಸಾಗುತ್ತಿದೆ? ನಮ್ಮ ಹೋಬಳಿಯಲ್ಲಿ ಎಷ್ಟು ಗಂಟೆಯಲ್ಲಿ ಎಷ್ಟು ಮಳೆ ನಿರೀಕ್ಷಿಸಬಹುದು? ಕೊಯ್ದ ರಾಗಿಯನ್ನು ಒಳಗೆ ಸಾಗಿಸಲು, ತೋಟದ ಬಸಿಗಾಲುವೆ ಬಿಡಿಸಲು, ಕೋಡಿಯ ಅಡೆತಡೆ ತೆಗೆಯಲು ರೈತನಿಗೆ ಬೇಕಿರುವುದು ಈ ಉತ್ತರಗಳು. ಇವನ್ನು ಹೇಳದ ಸುದ್ದಿ ಮಳೆಗೆ ಒಂದು ಹೆಸರು ಕೊಟ್ಟೀತೇ ಹೊರತು ಎಚ್ಚರಿಕೆ ಕೊಡಲಾರದು.