ಜಮಖಾನೆ ಕುರ್ಚಿ ಏರಲಿ

ನವಲಗುಂದದ ಜಮಖಾನೆಗೆ ಮೊದಲು ಮುಳುವಾದದ್ದು ಕುರ್ಚಿ. ಪ್ಲಾಸ್ಟಿಕ್ ಚಾಪೆ, ಸಿಂಥೆಟಿಕ್ ಕಾರ್ಪೆಟ್ಟುಗಳನ್ನು ಆಮೇಲೆ ಬೈಯೋಣ. ಅವು ಬರುವ ಮುಂಚೆಯೇ ನಾವು ನೆಲ ಬಿಟ್ಟಿದ್ದೆವು. ಮದುವೆಯ ಪಂಕ್ತಿ ಟೇಬಲ್ ಏರಿತು, ಪಡಸಾಲೆಗೆ ಸೋಫಾ ಬಂತು, ಮೊಣಕಾಲು ನೋವಿನ ಹಿರಿಯರು ಗಾನ ಬೈಠಕ್ಕಿನಲ್ಲೂ ಗೋಡೆ ಬದಿಯ ಕುರ್ಚಿ ಹುಡುಕತೊಡಗಿದರು. ಗಾಯಕ ಸವಾಯಿ ಗಂಧರ್ವರ ಕುಂದಗೋಳದಲ್ಲಿ, ನಾಡಗೀರ ವಾಡೆಯಂಥ ಕಡೆ, ನೆಲಕ್ಕೆ ಕೂತು ಹಾಡು ಕೇಳುವ ಸುಖ ಇನ್ನೂ ಉಳಿದಿದೆ ನಿಜ. ಆದರೆ ವರ್ಷಕ್ಕೊಮ್ಮೆಯ ಸಂಗೀತೋತ್ಸವ ನೇಕಾರರ ಮನೆಯ ಒಲೆ ಉರಿಸೀತೆ?

ಹಾಗಾಗಿ ನನ್ನ ವಾದ ಸರಳ. ನಾವು ಮತ್ತೆ ನೆಲಕ್ಕೆ ಇಳಿಯುವವರಲ್ಲ. ಜಮಖಾನೆಯೇ ಮೇಲೆ ಹತ್ತಬೇಕು.

ಹತ್ತುವ ಯೋಗ್ಯತೆ ಅದಕ್ಕಿದೆ. ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದರೆ 35 ಕಿ.ಮೀ. ಆಸುಪಾಸಿನಲ್ಲಿ ಸಿಗುವ ನವಲಗುಂದದಲ್ಲಿ ಜಮಖಾನ ಗಲ್ಲಿ ಎಂಬುದೊಂದಿದೆ. ಆದಿಲಶಾಹಿ ಕಾಲದಲ್ಲಿ ವಿಜಯಪುರದಲ್ಲಿದ್ದ ಮನೆತನಗಳು ಇಲ್ಲಿಗೆ ಬಂದು ನೆಲೆಸಿದವು ಎಂದು ಅಲ್ಲಿಯವರ ನಂಬಿಕೆ. ನೇಯುವವರೆಲ್ಲ ಮುಸ್ಲಿಂ ಹೆಣ್ಣುಮಕ್ಕಳು. ಕಸುಬು ಹೊಸಲು ದಾಟಿ ಹೋಗಬಾರದೆಂದು ಹೆತ್ತ ಮಗಳಿಗೆ ಕಲಿಸದೆ, ಬಂದ ಸೊಸೆಗೆ ಕಲಿಸುವ ಪದ್ಧತಿ ಇತ್ತಂತೆ. ಗುಟ್ಟು ಕಾಯ್ದ ಆ ಕಟ್ಟುನಿಟ್ಟೇ ಈಗ ಕೈಗಳ ಕೊರತೆಗೂ ಒಂದು ಕಾರಣ ಎಂದು ನನ್ನ ಗುಮಾನಿ. 2011ರಲ್ಲಿ ‘ನವಲಗುಂದ ಜಮಖಾನೆ’ಗೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿತು. ಗುರುತು ಸಿಕ್ಕಿತು, ಗಿರಾಕಿ ಸಿಗಲಿಲ್ಲ.

ಮಗ್ಗದ ಹೆಸರು ಖಡಾವ್. ಗೋಡೆಯ ಹಾಗೆ ನೆಟ್ಟಗೆ ನಿಲ್ಲುವ ಮಗ್ಗ. ಬಿಗಿಯಾಗಿ ಎಳೆದ ಹಾಸಿನ ನಡುವೆ ಬಣ್ಣದ ಹತ್ತಿನೂಲಿನ ಹೊಕ್ಕು ತೂರಿಸಿ, ಹಲ್ಲುಳ್ಳ ಪಂಜದಿಂದ ಬಡಿಬಡಿದು ಕೂಡಿಸುತ್ತಾರೆ. ಬಡಿತ ಎಷ್ಟು ಗಟ್ಟಿಯೆಂದರೆ ಹಾಸು ಪೂರಾ ಮುಚ್ಚಿ, ಕಾಣುವುದು ಹೊಕ್ಕು ಮಾತ್ರ. ನವಿಲಿನ ಹಸಿರು ಮುಗಿದಲ್ಲಿ ಆ ಎಳೆ ಹಿಂದಕ್ಕೆ ತಿರುಗುತ್ತದೆ, ಅಲ್ಲಿಂದ ಕೆಂಪು ಶುರು. ಬೆನ್ನ ಹಿಂದೆ ಸಡಿಲವಾಗಿ ತೇಲುವ ಎಳೆ ಒಂದೂ ಇಲ್ಲ. ಮಗುಚಿ ಹಾಕಿದರೂ ಅದೇ ನವಿಲು. ಕುರ್ಚಿಯ ಬಟ್ಟೆಗೆ ಬೇಕಾದ ಗುಣ ಇದೇ. ಕೂತೆದ್ದು ಉಜ್ಜಿದಾಗ ಮೊದಲು ಕಿತ್ತುಬರುವುದು ತೇಲುವ ಎಳೆ. ಉಗುರಿಗೆ, ಬೆಲ್ಟಿನ ಬಕಲ್ಲಿಗೆ, ಬೆಕ್ಕಿಗೆ ಸಿಗುವುದೂ ಅದೇ.

ಆದರೆ ಕತ್ತರಿ ಹಾಕಬೇಡಿ. ಅಟ್ಟದ ಮೇಲಿನ ಅಜ್ಜಿಯ ಜಮಖಾನೆ ಇಳಿಸಿ ಸೋಫಾಕ್ಕೆ ಹೊದಿಸಬೇಕೆಂಬ ಉತ್ಸಾಹ ಈಚೆಗೆ ಹಲವರಿಗೆ ಬಂದಿದೆ. ಹುಬ್ಬಳ್ಳಿಯ ಗಾದಿ ಕಾರಖಾನೆಯ ಮಾಸ್ತರೊಬ್ಬರು ಇಂಥ ಗಿರಾಕಿಗೆ ಹೇಳಿದ್ದನ್ನು ಕೇಳಿದ್ದೇನೆ: “ಕತ್ತರಸಿದ್ರ ಎಳಿ ಎಳಿ ಬಿಚ್ಕೊಂಡ ಹೊಕ್ಕೈತ್ರೀ ಸರ. ಕಡೀಕ ನಿಮಗ ಜಮಖಾನಿನೂ ಇಲ್ಲ, ಸೋಫಾನೂ ಇಲ್ಲ.” ಮಾತು ಖರೆ. ಹೊಕ್ಕು ತಿರುಗುವ ಅಂಚೇ ಈ ನೇಯ್ಗೆಯ ಬೇಲಿ. ಅದನ್ನು ಕಡಿದರೆ ಎಷ್ಟು ಹೊಲಿದರೂ ಸಾಲದು. ಮೇಲಾಗಿ ಪಗಡೆ ಹಾಸಿನ ಚಿತ್ರ ಅರ್ಧಕ್ಕೆ ನಿಂತು, ನವಿಲಿನ ಕತ್ತು ಸೀಟಿನ ಕೆಳಗೆ ಹೋದರೆ ನೋಡಲಾದರೂ ಚೆಂದವೇ?

ದಾರಿ ಒಂದೇ: ಸೀಟಿನ ಅಳತೆಗೇ ನೇಯಿಸುವುದು. ಊಟದ ಟೇಬಲ್ಲಿನ ಕುರ್ಚಿಯ ಸೀಟು 18 ಇಂಚು ಚೌಕ ಇದ್ದರೆ, ನಾಲ್ಕೂ ಬದಿ ಮಡಚಲು 3 ಇಂಚು ಸೇರಿಸಿ 24 ಇಂಚಿನ ತುಂಡು ಹೇಳಿ. ಚಿತ್ರ ನಡುವಿನ 18 ಇಂಚಿನೊಳಗೇ ಮುಗಿಯಬೇಕು, ಸುತ್ತಲಿನದು ಒಂದೇ ಬಣ್ಣ ಇರಲಿ. ಬಡಿಗೇರರಿಗೆ ಸೀಟನ್ನು ಕಳಚಿ ತೆಗೆಯುವಂತೆ ಮಾಡಲು ಹೇಳಿ. ನಮ್ಮ ಊರಿನ ಧೂಳು ಗೊತ್ತಲ್ಲ. ತಿಂಗಳಿಗೊಮ್ಮೆ ಸೀಟು ತೆಗೆದು ಬೋರಲು ಹಾಕಿ ಬಡಿದರೆ ಹತ್ತಿ ಉಳಿಯುತ್ತದೆ, ಇಲ್ಲವಾದರೆ ಮಣ್ಣಿನ ಹರಳೇ ಎಳೆಯನ್ನು ಒಳಗಿನಿಂದ ಕೊಯ್ಯುತ್ತದೆ. ಬಣ್ಣ ಬಿಡುತ್ತದೋ ಎಂದು ಹೊದಿಸುವ ಮೊದಲೇ ಮೂಲೆಯಲ್ಲಿ ಬಿಳಿ ಒದ್ದೆ ಬಟ್ಟೆ ಉಜ್ಜಿ ನೋಡಿ, ಬಿಳಿ ಪ್ಯಾಂಟಿನ ನೆಂಟರು ಬಂದಮೇಲಲ್ಲ.

ಇದಕ್ಕಿಂತ ಒಳ್ಳೆಯ ಜೋಡಿ ಇನ್ನೊಂದಿದೆ, ಆರಾಮ ಕುರ್ಚಿ. ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಹಳೆಯ ಮನೆಗಳ ಪಡಸಾಲೆಯಲ್ಲಿ ಸಾಗವಾನಿ ಚೌಕಟ್ಟು ಹಾಗೇ ಇರುತ್ತದೆ, ಕ್ಯಾನ್ವಾಸು ಮಾತ್ರ ಹರಿದು ಜೋತುಬಿದ್ದಿರುತ್ತದೆ. ಎರಡು ಕೋಲುಗಳ ನಡುವೆ ತೂಗುವ ಆ ಪಟ್ಟಿಯ ಆಕಾರವೇ ಒಂದು ಸಣ್ಣ ಜಮಖಾನೆ: ಅಗಲ ಕಡಿಮೆ, ಉದ್ದ ಹೆಚ್ಚು, ನಾಲ್ಕೂ ಅಂಚು ಮಗ್ಗದಲ್ಲೇ ಮುಗಿದದ್ದು. ಹಾಸು ಉದ್ದಕ್ಕೆ ಬರುವುದರಿಂದ ಮೈಭಾರ ಅದರ ಮೇಲೆ ಬೀಳುತ್ತದೆ, ಬಣ್ಣದ ಹೊಕ್ಕಿಗೆ ಎಳೆತವಿಲ್ಲ. ಎರಡೂ ತುದಿ ಮಡಚಿ ಕೋಲು ತೂರುವಷ್ಟು ನೇಫೆ ಹೊಲಿಸಿ, ಕೆಳಗೊಂದು ಕ್ಯಾನ್ವಾಸ್ ಪಟ್ಟಿ ಕೊಟ್ಟರೆ ಹತ್ತಿ ಜೋಲುವ ಭಯವೂ ಇಲ್ಲ. ಫೋಮು, ಗುಂಡುಪಿನ್ನು, ಅಂಟು ಏನೂ ಬೇಡ. ಬಟ್ಟೆಗಾಗಿಯೇ ಹುಟ್ಟಿದ ಪೀಠೋಪಕರಣ ನಮ್ಮಲ್ಲಿ ಇದೊಂದೇ ಎನ್ನಬಹುದೇನೋ. ಇದರ ನಂತರ ಜಮಖಾನೆಗೆ ಒಪ್ಪುವುದು ತೂಗುಮಂಚದ ಗಾದಿ.

ಗುಳೇದಗುಡ್ಡದ ಖಣದ ವಿಚಾರಕ್ಕೆ ನಾನು ಇಷ್ಟು ಉದಾರಿಯಲ್ಲ. ಖಣದ ಪರ್ಸು, ಖಣದ ಡೈರಿ, ಖಣದ ಕುಶನ್ ಕವರು ನೋಡಿ ನೋಡಿ ಸಾಕಾಗಿದೆ. ಅದು ಕುಪ್ಪಸಕ್ಕಾಗಿ ನೇಯ್ದ ತೆಳು ಬಟ್ಟೆ, ಪನ್ನಾ, ಅಂದರೆ ಅಗಲ, ಒಂದು ಗಜವೂ ಇಲ್ಲ. ಸೋಫಾದ ಬಟ್ಟೆಯ ಪನ್ನಾ ಸಾಮಾನ್ಯವಾಗಿ 54 ಇಂಚು. ಮೂರು ಜನರ ಸೋಫಾಕ್ಕೆ ಖಣ ಹೊದಿಸಹೊರಟರೆ ಜೋಡಣೆ ಹೊಲಿಗೆಯೇ ಎದ್ದು ಕಾಣುತ್ತದೆ, ಕೂತಾಗ ಹೊಲಿಗೆ ಸರಿಯುವುದೂ ಅಲ್ಲೇ. ಕುರ್ಚಿಯ ಬೆನ್ನಿಗೆ ಹಾಕಿ, ಸೊಗಸು. ಒಳಗೆ ಅಸ್ತರಕ್ಕೆ ಗರಗದ ಖಾದಿ ಸಿಕ್ಕರೆ ಇನ್ನೂ ಚೆನ್ನ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಊರಿನ ನೂಲು ಖಣವನ್ನು ತಾಳಿಕೊಳ್ಳದೆ ಇದ್ದೀತೆ!

ನಾರ್ವೆಯವರನ್ನು ಈ ಮಾತಿಗೆ ನೆನೆಯಬೇಕು. ಅವರಲ್ಲಿ ಓಕ್ಲೆ ಎಂಬ ಉಣ್ಣೆಯ ಹೊದಿಕೆ ಉಂಟು. ಹಾಸಿಗೆಗೆ, ಹಬ್ಬದ ದಿನ ಗೋಡೆಗೆ, ಸತ್ತಾಗ ಶವಪೆಟ್ಟಿಗೆಯ ಮೇಲೆ. ಅದರಲ್ಲೂ ಹೊಕ್ಕು ಹಾಸನ್ನು ಮುಚ್ಚುತ್ತದೆ, ಚೌಕ, ಚಕ್ಕೆಗಳ ವಿನ್ಯಾಸ ನಮ್ಮ ಜಮಖಾನೆಗೆ ದೂರದ ನೆಂಟ. ಲಿಲ್ಲೆಹ್ಯಾಮರ್ ಊರಿನಲ್ಲಿ 1887ರಲ್ಲಿ ಶುರುವಾದ ಗುಡ್‌ಬ್ರಾಂಡ್ಸ್‌ಡಾಲೆನ್ ಉಣ್ಣೆ ಗಿರಣಿ ಅಲ್ಲಿಯ ಸಾಂಪ್ರದಾಯಿಕ ಉಡುಪಿನ ಬಟ್ಟೆಯನ್ನೂ ನೇಯುತ್ತದೆ, ಕುರ್ಚಿ-ಸೋಫಾಗಳ ಬಟ್ಟೆಯನ್ನೂ ನೇಯುತ್ತದೆ. ಉಡುವುದಕ್ಕೆ ಒಂದು, ಕೂರುವುದಕ್ಕೆ ಇನ್ನೊಂದು. ತೂಕ ಬೇರೆ, ಬಿಗಿ ಬೇರೆ. ಗುಳೇದಗುಡ್ಡಕ್ಕೆ ನಾನು ಕೇಳುವುದೂ ಇಷ್ಟೇ: ಖಣದ ಅದೇ ತೇರು, ಅದೇ ಆನೆ ಹೆಜ್ಜೆಯ ಚಿತ್ತಾರ, ಆದರೆ ದಪ್ಪ ಹತ್ತಿಯಲ್ಲಿ, ಅಗಲ ಪನ್ನಾದಲ್ಲಿ. ಖರ್ಚು ಯಾರು ಹಾಕಬೇಕು ಎಂಬ ಪ್ರಶ್ನೆಗೆ ಧಾರವಾಡದ ಅಂಕಣಕಾರನಲ್ಲಿ ಉತ್ತರವಿಲ್ಲ.

ಎಲ್ಲವೂ ಕುರ್ಚಿ ಏರಬೇಕಿಲ್ಲ. ಕಸೂತಿಯ ಗೋಪುರ, ತುಳಸಿ ವೃಂದಾವನದ ಮೇಲೆ ಕೂರುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಅದು ದೀಪದ ಶೇಡಿಗೋ ಗೋಡೆಗೋ ಇರಲಿ. ಹಾಗೆಯೇ ನವಲಗುಂದದ ಅದೇ ಕೈಗಳು ನೇಯುವ ಜಾಯನಮಾಜ್ ನಮಾಜಿಗೇ ಮೀಸಲು. ಅದರ ಕಮಾನು ಚೆಂದವೆಂದು ಸ್ಟೂಲಿಗೆ ಹೊದಿಸಲು ಕೇಳುವುದು ಅಸಭ್ಯತನ.

ಬಣ್ಣದ ತಕರಾರೊಂದು ಉಳಿಯಿತು. ಹೊಸ ಫ್ಲ್ಯಾಟಿನ ಗೋಡೆಗೆ ಹೊಂದುವಂತೆ ಬೂದು, ಬಿಸ್ಕಿಟ್ ಬಣ್ಣದಲ್ಲಿ ನೇಯ್ದುಕೊಡಿ ಎನ್ನುವವರಿದ್ದಾರೆ. ನೇಯ್ದುಕೊಟ್ಟಾರು, ಹೊಟ್ಟೆಪಾಡು. ಆದರೆ ಬೂದು ಬಣ್ಣದ ಬಟ್ಟೆ ಯಾವ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದಕ್ಕೆ ನವಲಗುಂದದವರೆಗೆ ಬಸ್ ಹತ್ತುವುದೇಕೆ? ಕೆಂಪಿರಲಿ, ಅರಿಸಿನ ಹಳದಿ ಇರಲಿ, ನವಿಲು ನಡುವಿಗೆ ಬರಲಿ. ಕೋಣೆಗೆ ಅಂಥ ಕುರ್ಚಿ ಒಂದೇ ಸಾಕು. ಉಳಿದ ಸೋಫಾ ನಿಮ್ಮಿಷ್ಟದ ಬೂದು ಆಗಿರಲಿ. ಹೋಗುವಾಗ ಸೀಟಿನ ಅಳತೆಗೆ ಕತ್ತರಿಸಿದ ಹಳೆ ಪೇಪರು, ಕೈಯಲ್ಲಿ ಮುಂಗಡ ಇಟ್ಟುಕೊಂಡು ಹೋಗಿ. ಚೌಕಾಶಿಯನ್ನು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಉಳಿಸಿಕೊಳ್ಳಿ.